ಜಡ್ಜ್ ಪರೀಕ್ಷೆಗೆ ಕೂತ ಜೂನಿಯರ್

ವಕೀಲನಾದವನು ಗಂಭೀರವಾಗಿರಬೇಕೆಂದು ನಾನು ಎಷ್ಟೇ ಹಟ ಹಿಡಿದರೂ, ಕೊಳ್ಳೇಗಾಲದಲ್ಲಿ ಯಾರಾದರೊಬ್ಬರು ಅದನ್ನು ಕೆಡಿಸದೆ ಬಿಡುವುದಿಲ್ಲ. ಎಲ್ಲರಿಗಿಂತ ಹೆಚ್ಚು ಕೆಡಿಸಿದವಳು ರಾಮಾಪುರದಿಂದ ಬಂದಿದ್ದ ನನ್ನ ಜೂನಿಯರ್. ಈಗ ಅವಳ ಕುರ್ಚಿ ಖಾಲಿ. ಆಫೀಸು ಶಿಸ್ತಾಗಿದೆ, ಬೇಜಾರೂ ಆಗಿದೆ.

ಮೊದಲ ಕಲಮು

ನಾನು ಕಾನ್ವೆಂಟಿನಲ್ಲಿ ಓದಿದವನು. ಹಿರಿಯರು ಒಳಗೆ ಬಂದರೆ ಕಿರಿಯರು ಎದ್ದು ನಿಲ್ಲಬೇಕು. ಅದು ನನ್ನ ಆಫೀಸಿನ ಮೊದಲ ಕಲಮು. ಸೇರಿದ ದಿನವೇ ಅವಳು, "ನಾನು ಜಡ್ಜ್ ಆಗ್ಬೇಕು ಸಾರ್" ಎಂದಳು.

"ಲಾ ಡಿಗ್ರಿ ಒಂದೇ ಸಾಲದು. ವಕೀಲಿಕೆಯ ಅನುಭವ, ಪ್ರಿಲಿಮ್ಸ್, ಮೇನ್ಸ್, ಆಮೇಲೆ ಸಂದರ್ಶನ. ಎಲ್ಲಕ್ಕಿಂತ ಮೊದಲು ಶಿಸ್ತು."

ಮಾರನೆಯ ದಿನ ಯಳಂದೂರು ಬಸ್ಸಿನಲ್ಲಿ ನನ್ನನ್ನು ಕಂಡು ಥಟ್ಟನೆ ಎದ್ದಳು. ನಾನು ಹತ್ತಿರ ಹೋಗುವಷ್ಟರಲ್ಲಿ ಬುಟ್ಟಿ ಹಿಡಿದ ಅಜ್ಜಿಯೊಬ್ಬರು ಆ ಸೀಟಿನಲ್ಲಿ ಕೂತು, "ನಿನ್ ಒಟ್ಟೆ ತಣ್ಣಗಿರ್ಲಿ ಕಣವ್ವಾ" ಎಂದರು. ಯಳಂದೂರಿನವರೆಗೂ ನಾವಿಬ್ಬರೂ ಶಿಸ್ತಾಗಿ ನಿಂತೆವು.

ಮೇಕೆಯ ತೀರ್ಪು

ಮೊದಲ ಸಲ ತೀರ್ಪು ಬರೆಯುವ ಪತ್ರಿಕೆಯಲ್ಲಿ ಫೇಲಾದಳು. ವಯಸ್ಸಿನ ಮಿತಿಯೊಳಗೆ ಇನ್ನೊಂದೇ ಅವಕಾಶ ಉಳಿದಿತ್ತು. "ಸಿಕ್ಕ ಜಗಳಕ್ಕೆಲ್ಲ ತೀರ್ಪು ಬರೆದು ಅಭ್ಯಾಸ ಮಾಡು" ಎಂದೆ.

ಸಿಕ್ಕ ಮೊದಲ ಜಗಳ ಅವಳ ಅವ್ವನದೇ. ಪಕ್ಕದ ಮನೆಯ ಮೇಕೆ ಇವರ ಅವರೆ ಗಿಡ ಮೇಯ್ದಿತ್ತು. ಇವಳು ಎರಡೂ ಕಡೆಯವರ ಮಾತು ಕೇಳಿ, ಬೇಲಿ ಹಾಕದ್ದು ಅವ್ವನ ತಪ್ಪೆಂದು ಬರೆದು, ಗಟ್ಟಿಯಾಗಿ ಓದಿಯೂ ಬಿಟ್ಟಳು.

ಸಂಜೆ ತಟ್ಟೆ ಹಾಕಿಕೊಂಡು ಕೂತರೆ ಅವ್ವ ಮುದ್ದೆ ಇಡಲಿಲ್ಲ. "ಓಗು, ಆ ಮೇಕೆಯವ್ರ ಮನೇಲೇ ಉಣ್ಣೋಗು!"

ಸಂದರ್ಶನ

ಎರಡನೇ ಸಲ ಮೇನ್ಸ್ ದಾಟಿದಳು. ಸಂದರ್ಶನದ ಅಭ್ಯಾಸಕ್ಕೆ ನಾನೇ ಪ್ರಶ್ನೆ ಕೇಳಿದೆ.

"ನಾಳೆ ನಿಮ್ಮ ಸೀನಿಯರ್ರೇ ಕೋರ್ಟಿಗೆ ಬಂದರೆ?"

"ಮುಖ ನೋಡಲ್ಲ ಸಾರ್, ಕಾಗದ ಮಾತ್ರ ನೋಡ್ತೀನಿ."

"ಅವರು ತಪ್ಪು ವಾದ ಮಾಡಿದರೆ ತಾಳ್ಮೆಯಿಂದ ಕೇಳ್ತೀರಾ?"

ಅವಳು ಬಾಯಿ ತೆರೆಯುವ ಮೊದಲೇ ಮೂಲೆಯಿಂದ ನಮ್ಮ ಗುಮಾಸ್ತ ಹೇಳಿದ: "ಅಭ್ಯಾಸ ಐತೆ ಸಾ. ದಿನಾ ಕೇಳ್ತಾವ್ರೆ."

ಕೋರ್ಟು ಎದ್ದದ್ದು

ಆಯ್ಕೆಯಾದಳು. ದೂರದ ಜಿಲ್ಲೆಗೆ ಹಾಕಿದರು. ಒಮ್ಮೆ ಹನೂರಿನ ಕಕ್ಷಿದಾರನೊಬ್ಬನ ಕೇಸಿಗಾಗಿ ಅವಳಿದ್ದ ಊರಿಗೆ ಹೋಗಿದ್ದೆ. ಕೇಸು ಬೇರೆ ಜಡ್ಜರ ಮುಂದಿತ್ತು. ಅವಳು ಪೀಠದಲ್ಲಿ ಕೂತಿರುವುದನ್ನು ಕಣ್ತುಂಬ ನೋಡೋಣವೆಂದು ಕಕ್ಷಿದಾರನೊಂದಿಗೆ ಮೆಲ್ಲಗೆ ಒಳಗೆ ಕಾಲಿಟ್ಟೆ.

ಜಡ್ಜಮ್ಮ ಕಾಗದದಿಂದ ತಲೆಯೆತ್ತಿದಳು. ನನ್ನ ಮುಖ ಕಂಡಿತು. ಥಟ್ಟನೆ ಎದ್ದು ನಿಂತಳು!

ಜಡ್ಜ್ ಎದ್ದರೆ ಕಲಾಪ ಮುಗಿದಂತೆ. ವಕೀಲರೆಲ್ಲ ಎದ್ದರು. ಜವಾನ ಒಳಬಾಗಿಲು ತೆರೆದು ನಿಂತ. ಬೆಂಚ್ ಕ್ಲರ್ಕ್ ಫೈಲು ಕಟ್ಟತೊಡಗಿದ. ಕಟಕಟೆಯಲ್ಲಿದ್ದ ಸಾಕ್ಷಿ ಕೈಮುಗಿದು ಇಳಿದೇ ಬಿಟ್ಟ.

ನನ್ನ ಕಕ್ಷಿದಾರ ಬೆರಗಾಗಿ ಕಿವಿಯಲ್ಲಿ ಉಸುರಿದ: "ಏನ್ ಸಾ ನೀವು! ಇನ್ನೂ ಬಾಯೇ ಬುಟ್ಟಿಲ್ಲ, ಆಗ್ಲೇ ಎದ್ದೋಯ್ತಾವ್ರಲ್ಲಾ!"