ಕಣ್ಣಾರೆ ಕಂಡ ತೀರ್ಮಾನಗಳು

ತೊಂಬತ್ತರ ದಶಕದಲ್ಲಿ ವಿದ್ಯಾರಣ್ಯಪುರಂನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳು ನಾನು. ನಗಬಾರದೆಂದು ಹಲ್ಲು ಕಚ್ಚಿಕೊಂಡು ತಿದ್ದಿದ ರೆಕಾರ್ಡ್ ಪುಸ್ತಕಗಳಿಗೆ ಲೆಕ್ಕವಿಲ್ಲ. ಮಕ್ಕಳು ಗೈಡ್ ನೋಡಿ ತೀರ್ಮಾನ ಬರೆಯುವುದನ್ನು ಬಿಡಿಸಬೇಕೆಂಬುದು ನನ್ನ ಹಟ. "ಕಂಡದ್ದನ್ನು ಬರೀರಿ, ಅದರಿಂದ ಏನು ಗೊತ್ತಾಯಿತೋ ಅದನ್ನು ಬರೀರಿ" ಎಂದು ದಿನಾ ಗಂಟಲು ಹರಿದುಕೊಳ್ಳುತ್ತಿದ್ದೆ. ಪಾಪ, ಮಕ್ಕಳು ಕೇಳಿದರು. ಅನುಭವಿಸಿದ್ದು ನಾನು.

ಆರಿದ ಮೇಣದಬತ್ತಿ

ಉರಿಯುವ ಮೇಣದಬತ್ತಿಯ ಮೇಲೆ ಗಾಜಿನ ಲೋಟ ಕವುಚಿದರೆ ಅದು ಆರಿಹೋಗಬೇಕು. ಅಂದು ಬೆಂಕಿಪೊಟ್ಟಣ ಥಂಡಿ ಹಿಡಿದಿತ್ತು. ಗೀರಿ ಗೀರಿ ಕಡ್ಡಿ ಮುಗಿಯಿತು, ಬತ್ತಿ ಹತ್ತಲಿಲ್ಲ, ಬೆಲ್ ಹೊಡೆಯಿತು. ಮರುದಿನ ನೋಡಿದರೆ ಇಡೀ ತರಗತಿಯ ಪುಸ್ತಕಗಳಲ್ಲಿ ಮೇಣದಬತ್ತಿ ಆರಿಹೋಗಿತ್ತು! ನನಗೆ ಪಿತ್ತ ನೆತ್ತಿಗೇರಿತು. ಮುಂದಿನ ಬೆಂಚಿನವನನ್ನು ಎಬ್ಬಿಸಿದೆ.

"ಹತ್ತಲೇ ಇಲ್ಲವಲ್ಲೋ, ಆರಿದ್ದು ಹೇಗೋ?"

"ಬೇಕಾದ್ರೆ ನೋಡಿ ಮೇಡಂ, ಈಗ್ಲೂ ಉರೀತಾ ಇಲ್ಲ."

ಮಾಯವಾದ ಹೆಸರುಕಾಳು

ಒದ್ದೆ ಬಟ್ಟೆಯಲ್ಲಿ ಹೆಸರುಕಾಳು ಕಟ್ಟಿಸಿ ಸ್ಟಾಫ್ ರೂಮಿನ ಬೀರುವಿನಲ್ಲಿ ಇಡಿಸಿದ್ದೆ. ಮೂರನೆಯ ದಿನ ಮೊಳಕೆ ಅಳೆಯೋಣವೆಂದರೆ ಬಟ್ಟೆ ಮಾತ್ರ ಇತ್ತು. ಆ ಹೊತ್ತಿಗೆ ಮಕ್ಕಳು ಗೈಡ್ ಬಿಟ್ಟಿದ್ದರು. ಒಬ್ಬಳು ಬರೆದಳು: "ವೀಕ್ಷಣೆ: ಬಟ್ಟೆ ಖಾಲಿ. ಸ್ಟಾಫ್ ರೂಮಿನ ಕಸದಬುಟ್ಟಿಯಲ್ಲಿ ಸೌತೆಕಾಯಿ ಸಿಪ್ಪೆ. ಮೇಡಂ ಹಲ್ಲಿನಲ್ಲಿ ಕೊತ್ತಂಬರಿ ಸೊಪ್ಪು. ತೀರ್ಮಾನ: ಕೋಸಂಬರಿ."

ಸಹೋದ್ಯೋಗಿ ಕೊಟ್ಟದ್ದನ್ನು ಯಾವ ಕಾಳೆಂದೂ ಕೇಳದೆ ತಿಂದಿದ್ದೆ. ಬಾಯಿ ಬಿಡದೆ ಹತ್ತಕ್ಕೆ ಹತ್ತು ಕೊಟ್ಟೆ.

ಹಾಲಿನ ಪರೀಕ್ಷೆ

ಮನೆಯಿಂದ ಒಂದೊಂದು ಲೋಟ ಹಾಲು ತನ್ನಿ ಎಂದಿದ್ದೆ. ಲ್ಯಾಕ್ಟೋಮೀಟರ್ ಒಳ್ಳೆಯ ಹಾಲಿನಲ್ಲಿ ತೇಲುತ್ತದೆ, ನೀರು ಬೆರೆತಿದ್ದರೆ ಕೆಳಗಿಳಿಯುತ್ತದೆ. ಒಂದು ಹುಡುಗಿಯ ಅಪ್ಪ ನಮ್ಮ ಬೀದಿಗೆಲ್ಲ ಹಾಲು ಹಾಕುವವರು, ನಮ್ಮ ಮನೆಗೂ. ಅಪ್ಪನ ಹಾಲೇ ಗೆಲ್ಲುತ್ತದೆಂಬ ಹೆಮ್ಮೆಯಿಂದ ಮಾರುವ ಕ್ಯಾನಿನಿಂದಲೇ ತುಂಬಿಸಿಕೊಂಡು ಬಂದಿದ್ದಳು. ಲ್ಯಾಕ್ಟೋಮೀಟರ್ ಸರ್ರನೆ ಇಳಿಯಿತು. ತರಗತಿ 'ಹೋ' ಎಂದಿತು. ಹುಡುಗಿ ತಲೆ ತಗ್ಗಿಸಿದಳು.

ರೆಕಾರ್ಡ್ ಪುಸ್ತಕಕ್ಕೆ ಅಪ್ಪನ ರುಜು ಬೇಕು. ಮಗಳು ಓದಿ ಹೇಳಿದ ಮೇಲೆಯೇ ಅವರು ರುಜು ಹಾಕುವುದು. ಬೆಲ್ ಆದ ಮೇಲೆ ಹತ್ತಿರ ಬಂದು ಪಿಸುಗುಟ್ಟಿದಳು: "ಮೇಡಂ, ಇವತ್ತೊಂದು ದಿನ ಗೈಡ್ ನೋಡಿ ಬರೀಲಾ?"

ವರ್ಷವಿಡೀ ಗೈಡಿನ ಮೇಲೆ ಕತ್ತಿ ಮಸೆದವಳು, ಹೂಂ ಎನ್ನುವುದರಲ್ಲಿದ್ದೆ. ಆದರೂ ತಲೆ ಸವರಿ ಹೇಳಿದೆ: "ಕಂಡದ್ದಷ್ಟೇ ಬರಿ ಕಣಮ್ಮ. ಕಾಣದ್ದು ಒಂದಕ್ಷರವೂ ಬೇಡ."

ಅವಳು ಬರೆದಳು: "ತೀರ್ಮಾನ: ಈ ಹಾಲಿನಲ್ಲಿ ನೀರಿದೆ. ಯಾರು ಹಾಕಿದರೆಂದು ನಾನು ನೋಡಿಲ್ಲ. ನಮ್ಮ ಹಸು ತುಂಬಾ ನೀರು ಕುಡಿಯುವುದನ್ನು ಮಾತ್ರ ನೋಡಿದ್ದೇನೆ."

ಮರುದಿನ ಬೆಳಿಗ್ಗೆ ಹಾಲಿನವರು ಬಾಗಿಲಲ್ಲಿ ನಿಂತರು. ಮಗಳಿಗೆ ಬೈದರೋ ಹೊಡೆದರೋ ಎಂದು ಅವರ ಮುಖ ನೋಡಿದೆ. ಅವರು ಪಾತ್ರೆಗೆ ಹಾಲು ಸುರಿದರು. ಹಿಂದೆಂದೂ ಕಾಣದ ಗಟ್ಟಿ ಹಾಲು.

"ಮಗ್ಳು ಓದಿ ಹೇಳಿದ್ಲು ಮೇಡಂ. ನನ್ ಹೆಸ್ರು ಬರೀದೇ ಬುಟ್ಟವ್ಳೆ. ರುಜು ಹಾಕ್ಬುಟ್ಟೆ," ಎಂದರು. ಕಣ್ಣು ಒದ್ದೆಯಾಗಿತ್ತು.

ನಾನು ಪಾತ್ರೆಯನ್ನೇ ನೋಡುತ್ತಿದ್ದೆ. ಅವರು ಕ್ಯಾನಿನ ಮುಚ್ಚಳ ಹಾಕಿ, ಒಂದು ಚೂರೂ ನಗದೆ ಹೇಳಿದರು:

"ನೆನ್ನೆಯಿಂದ ನಮ್ ಹಸ ನೀರು ಕುಡಿಯೋದು ಕಮ್ಮಿ ಮಾಡೈತೆ ಮೇಡಂ."