ಗೆರೆ ದಾಟುವ ಹೊತ್ತಿಗೆ ಕಣ್ಣು ಮುಚ್ಚಿದ ಕ್ಯಾಮೆರಾ ಮಹಾಶಯರಿಗೆ

ಮಾನ್ಯರೇ,

ತಮ್ಮ ಲೆನ್ಸಿಗೆ ಧೂಳು ತಾಗದಿರಲಿ, ಬ್ಯಾಟರಿ ಸದಾ ತುಂಬಿರಲಿ ಎಂದು ಹಾರೈಸುತ್ತಾ, ಸ್ಟುಡಿಯೋ ನಡೆಸಿ ಬದುಕುವ ನಾನು ತಮ್ಮಲ್ಲಿ ಮಾಡಿಕೊಳ್ಳುವ ಬಹಿರಂಗ ಅರಿಕೆ. ಗುಂಡಿ ಒತ್ತಿ ಹಿಡಿದರೆ ಸಾಕು, ಕಣ್ಣು ಮಿಟುಕಿಸುವಷ್ಟರಲ್ಲಿ ತಾವು ರಾಶಿ ಚಿತ್ರ ತೆಗೆಯುತ್ತೀರೆಂದು ಅಂಗಡಿಯವರು ಹೊಗಳಿದ್ದರು. ಅದರಲ್ಲಿ ಸುಳ್ಳಿನ ಲವಲೇಶವೂ ಇಲ್ಲ. ರಾಶಿ ಹಾಕಿದ ಮೇಲೆ ತಾವು ವಿಶ್ರಾಂತಿಗೆ ತೆರಳುತ್ತೀರೆಂಬುದನ್ನು ಮಾತ್ರ ಹೇಳಲು ಮರೆತಿದ್ದರು.

ಮೊನ್ನೆ ಶಾಲೆಯ ಓಟದ ಸ್ಪರ್ಧೆಯ ಚಿತ್ರ ತೆಗೆಯುವ ಕೆಲಸ ನನಗೆ ಸಿಕ್ಕಿತ್ತು. ಓಡುವವರಲ್ಲಿ ನನ್ನ ಅಕ್ಕನ ಮಗಳೂ ಇದ್ದಳು. ಪ್ರತಿ ವರ್ಷ ಎರಡನೆಯವಳಾಗಿ ಬರುವ ಹುಡುಗಿ, ಈ ಸಲ ಗೆದ್ದೇ ತೀರಬೇಕೆಂದು ಬೆಳಗಿನ ನಿದ್ದೆ ಬಿಟ್ಟು ಓಡಿ ಓಡಿ ಬೂಟಿನ ಅಟ್ಟೆ ಸವೆಸಿದ್ದಳು. ಅವಳ ಒಂದು ಹೆಜ್ಜೆಯೂ ತಪ್ಪಿಹೋಗಬಾರದೆಂಬ ಸೋದರಮಾವನ ಅಕ್ಕರೆಯಿಂದ ಆಟದ ಮೇಷ್ಟ್ರು ಸೀಟಿ ಊದುವ ಮೊದಲೇ ನಾನು ಗುಂಡಿ ಅದುಮಿ ಹಿಡಿದೆ. ಅದೂ ಗೋಡೆಯಗಲ ಹಿಗ್ಗಿಸಿದರೂ ಕೆಡದಂಥ ಅತಿ ದೊಡ್ಡ ಗಾತ್ರದಲ್ಲಿ. ತಾವು ಟಕಟಕನೆ ದುಡಿದಿರಿ. ಅವಳೂ ಪಕ್ಕದ ಸಾಲಿನ ಹುಡುಗಿಯೂ ಸರಿಸಮನಾಗಿ ಗೆರೆಯ ಹತ್ತಿರ ಬಂದರು ನೋಡಿ, ಆಗ ತಮ್ಮ ಹೊಟ್ಟೆ ತುಂಬಿತು. ನುಂಗಿದ್ದನ್ನೆಲ್ಲ ಮೆಮೊರಿ ಕಾರ್ಡಿಗೆ ಇಳಿಸುವ ತನಕ ಇನ್ನೊಂದು ಚಿತ್ರವನ್ನೂ ಮುಟ್ಟುವುದಿಲ್ಲವೆಂದು ಕೆಂಪು ದೀಪ ಮಿನುಗಿಸುತ್ತಾ ಕುಳಿತಿರಿ.

ಗೆದ್ದವರು ಯಾರೆಂದು ತೀರ್ಪುಗಾರರಿಗೆ ಗೊತ್ತಾಗಲಿಲ್ಲ. “ಫೋಟೋದಲ್ಲೇ ನೋಡಿಬಿಡೋಣ ಸಾರ್, ಅದ್ರಲ್ಲಿ ಮೋಸ ಇರಲ್ಲ” ಎಂದು ಆಟದ ಮೇಷ್ಟ್ರು ಬಂದರು. ನಾನು ಎದೆಯುಬ್ಬಿಸಿ ತೋರಿಸಿದೆ: ಸೀಟಿ ಬಾಯಿಗಿಟ್ಟ ಮೇಷ್ಟ್ರು, ಅದೇ ಮೇಷ್ಟ್ರು, ಕೆನ್ನೆ ತುಸು ಉಬ್ಬಿದ ಅದೇ ಮೇಷ್ಟ್ರು. ತಡಕಾಡಿ ತಡಕಾಡಿ ಕೊನೆಗೆ ಗೆರೆ ಸಿಕ್ಕಿತು. ಒಂದು ಚಿತ್ರದಲ್ಲಿ ಇಬ್ಬರೂ ಗೆರೆಗೆ ಒಂದು ಹೆಜ್ಜೆ ಈಚೆ. ಅದರ ಮುಂದಿನದರಲ್ಲಿ ಇಬ್ಬರೂ ಗೆರೆಯಾಚೆ ಮಂಡಿ ಹಿಡಿದು ಏದುಸಿರು ಬಿಡುತ್ತಿದ್ದಾರೆ. ತೀರ್ಪುಗಾರರು ಕಣ್ಣಂದಾಜಿನಲ್ಲಿ ಪಕ್ಕದ ಸಾಲಿನವಳತ್ತ ಕೈ ತೋರಿದರು. ನಮ್ಮ ಹುಡುಗಿ ಅಳಲಿಲ್ಲ, ನನ್ನನ್ನು ನೋಡಿದಳು ಅಷ್ಟೇ. ಅತ್ತಿದ್ದರೇ ವಾಸಿಯಿತ್ತು.

“ಅಪ್ಪ ಒಂದೇ ರೀಲಲ್ಲಿ ಇಡೀ ಮದುವೆ ಮುಗಿಸ್ತಿದ್ರು ಕಣೋ, ನಿನಗೆ ಒಂದು ಗೆರೆ ಹಿಡಿಯೋಕಾಗ್ಲಿಲ್ವಾ?” ಎಂದ ಅಕ್ಕನಿಗೆ ತಮ್ಮ ಘನತೆಯನ್ನು ವಿವರಿಸಲು ಹೋಗಿ ನಾನು ಇನ್ನಷ್ಟು ಬೈಸಿಕೊಂಡೆ.

ಆದುದರಿಂದ ಮುಂದೆ ಯಾರಾದರೂ ಗೆಲ್ಲುವ ಸೂಚನೆ ಕಂಡರೆ ತಾವು ಮೊದಲೇ ಉಪವಾಸವಿರಬೇಕೆಂದೂ, ಆಗದಿದ್ದಲ್ಲಿ ಕೆಂಪು ದೀಪ ಆರುವವರೆಗೆ ಓಟಗಾರರು ಗೆರೆಯ ಮೇಲೆ ಒಂಟಿ ಕಾಲಿನಲ್ಲಿ ಕಾಯುವಂತೆ ಆಜ್ಞೆ ಹೊರಡಿಸಬೇಕೆಂದೂ ಬೇಡಿಕೊಳ್ಳುತ್ತೇನೆ. ಮೇಷ್ಟ್ರ ಕೆನ್ನೆಯ ರಾಶಿ ಚಿತ್ರಗಳಲ್ಲಿ ಒಳ್ಳೆಯದನ್ನು ಆರಿಸುವ ಹೊಣೆಯೂ ತಮ್ಮದೇ ಆಗಲಿ. ನೆರವಿಗೆ ಕುಳಿತ ನನ್ನ ಹೆಂಡತಿ “ಎಲ್ಲಾ ಒಂದೇ ಥರ ಇದೆಯಲ್ರೀ” ಎಂದು ಎದ್ದು ಹೋಗಿದ್ದಾಳೆ.

ಗುಂಡಿಯಿಂದ ಬೆರಳು ತೆಗೆಯುವುದನ್ನು ಈಗಷ್ಟೇ ಕಲಿಯುತ್ತಿರುವ,
ತಮ್ಮ ವಿಶ್ವಾಸಿ,
ಸ್ಟುಡಿಯೋದವನು

ಹೇಳಲು ಮರೆತದ್ದು: ಅಕ್ಕನ ಮಗಳು ನಿನ್ನೆ ಸ್ಟುಡಿಯೋಗೆ ಬಂದು, ಗೆರೆಗೆ ಒಂದು ಹೆಜ್ಜೆ ಈಚೆಯ ಆ ಚಿತ್ರವನ್ನೇ ದೊಡ್ಡದು ಮಾಡಿಸಿಕೊಂಡು ಹೋದಳು. ತಮ್ಮ ವೇಗಕ್ಕೆ ಮುಂದಿನ ವರ್ಷ ರಜೆ ಸಿಗಬಹುದು. ಹೊರಡುವಾಗ ಅವಳೆಂದಳು: “ಮಾಮ, ಮುಂದಿನ ಸಲ ಒಂದೇ ಒಂದು ಫೋಟೋ ತೆಗಿ ಸಾಕು. ನನ್ನ ಪಕ್ಕದಲ್ಲಿ ಯಾರೂ ಇರಲ್ಲ.”