ಅತ್ತೆಯ ತೊಟ್ಟಿಗೊಂದು ಬಿರಡೆ

ನನ್ನ ಸೋದರಮಾವನಿಗೆ ಹುಚ್ಚಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಪೂರ್ತಿ ಓದಿದ ಮೇಲೆ ಹೇಳಿದರೆ ನೀವು ನಂಬುವುದಿಲ್ಲ! ಅವರು ನಿವೃತ್ತ ಭೂಗೋಳದ ಮೇಷ್ಟ್ರು. ಹಣೆ ತುಂಬ ವಿಭೂತಿ, ಇಸ್ತ್ರಿ ಮಾಡಿದ ಅಂಗಿ, ಮಾತಿನಲ್ಲಿ ಮರ್ಯಾದೆ. ಆದರೂ ಹೋದ ವರ್ಷ ಬಳ್ಳಾರಿಯ ಹಾರ್ಡ್‌ವೇರ್ ಅಂಗಡಿಯವರು ಅವರನ್ನು ದೂರದಿಂದ ಕಂಡರೆ ಸಾಕು, ಊಟದ ಹೊತ್ತಾಯಿತೆಂದು ಶಟರ್ ಎಳೆಯುತ್ತಿದ್ದರು. ಅಂಗಡಿ ತೆಗೆದ ಕೂಡಲೇ ಯಾರಿಗ್ರೀ ಊಟದ ಹೊತ್ತಾಗುತ್ತದೆ?

ಕಾರಣ, ಒಂದು ಸ್ನಾನದ ತೊಟ್ಟಿ. ಮಾವನ ಮನೆ ಬಳ್ಳಾರಿಯ ಕಂಟೋನ್ಮೆಂಟಿನಲ್ಲಿದೆ, ಇಂಗ್ಲಿಷರ ಕಾಲದ್ದು. ಮನೆಯ ಜೊತೆಗೇ ಬಂದದ್ದು ಈ ಬೀಡುಕಬ್ಬಿಣದ ತೊಟ್ಟಿ. ನಾಲ್ಕು ಕಾಲು, ಕಾಲಿಗೊಂದು ಸಿಂಹದ ಪಂಜ. ಯಾವ ದೊರೆ ಅದರಲ್ಲಿ ಮಿಂದನೋ ಗೊತ್ತಿಲ್ಲ, ನಮ್ಮವರಂತೂ ಯಾರೂ ಮೀಯಲಿಲ್ಲ. ನಲ್ಲಿಯಲ್ಲಿ ನೀರು ತನಗೆ ಮನಸ್ಸು ಬಂದ ದಿನ ಬರುವ ಊರಿನಲ್ಲಿ ಅಷ್ಟು ನೀರಿನೊಳಗೆ ಒಬ್ಬರೇ ಕಾಲು ಚಾಚಿ ಮಲಗುವುದೆಂದರೆ ಪಾಪವಲ್ಲವೆ? ಹಾಗಾಗಿ ಅದರಲ್ಲಿ ಮಾವಿನಕಾಯಿ ಹಣ್ಣಿಗೆ ಹಾಕಿದೆವು, ಈರುಳ್ಳಿ ಹರವಿದೆವು, ಹಾಸಿಗೆಯ ಸುರುಳಿ ಇಟ್ಟೆವು. ನನ್ನ ತಂಗಿಯ ಮದುವೆಯಲ್ಲಿ ಯಾರೋ ಅದರಲ್ಲೇ ಮೊಸರನ್ನ ಕಲಸೋಣ ಎಂದಾಗ ಮಾತ್ರ ಅತ್ತೆ ಕಣ್ಣು ಕೆಂಪಗೆ ಮಾಡಿದ್ದರು.

ಅತ್ತೆಗೆ ಮಂಡಿನೋವು ಶುರುವಾದದ್ದೇ ತಡ, ತೊಟ್ಟಿಯ ಅದೃಷ್ಟ ತೆರೆಯಿತು. "ಬಿಸಿನೀರಾಗ ಸೊಂಟದ ತನಕ ಕುಂದರ್ರಿ, ಭಾಳ ಆರಾಮ ಅನಸ್ತೈತಿ" ಎಂದರು ಡಾಕ್ಟರು. ಮಾವ ಈರುಳ್ಳಿಯನ್ನು ಹೊರಹಾಕಿ, ತೊಟ್ಟಿ ತಿಕ್ಕಿ, ಒಳಗೊಂದು ಮಣೆ ಇಟ್ಟು, ಹಿಡಿದುಕೊಳ್ಳಲು ಗೋಡೆಗೆ ಕಬ್ಬಿಣದ ಸರಳು ಬಡಿಸಿದರು. ನೀರು ಹೋಗುವ ತೂತಿಗೆ ಹಳೆ ಬಟ್ಟೆಯ ಉಂಡೆ ತುರುಕಿ, ಬಿಸಿನೀರು ತುಂಬಿಸಿ, ತರಕಾರಿ ತರಲು ಹೋದರು. ಅತ್ತೆ ಇಳಿದು ಕುಳಿತರು. ಸುಖವೋ ಸುಖ! ಏಳಬೇಕೆಂದಾಗ ಕಷ್ಟ ಬಂತು. ನೀರು ಇರುವಾಗ ಎದ್ದರೆ ಕಾಲು ಜಾರುತ್ತದೆ. ನೀರು ಬಿಡಬೇಕೆಂದರೆ ಬಗ್ಗಿ ಬಟ್ಟೆ ಕೀಳಬೇಕು. ಬಗ್ಗಲು ಮಂಡಿ ಒಪ್ಪುವುದಿಲ್ಲ. ಕೂಗಿಕೊಂಡರು. ಪಕ್ಕದ ಮನೆಯ ಹೆಂಗಸರು ಚಿಲಕ ಮುರಿದು ಒಳನುಗ್ಗಿ, ಒಬ್ಬಾಕೆ ಕಣ್ಣು ಮುಚ್ಚಿಕೊಂಡು ಇನ್ನೊಬ್ಬಾಕೆ ಚೆನ್ನಾಗಿಯೇ ತೆರೆದುಕೊಂಡು, ಅವರನ್ನು ಎತ್ತಿದರು. ಸಂಜೆಯೊಳಗೆ ಇಡೀ ಕಂಟೋನ್ಮೆಂಟಿಗೆ ವರದಿ ಮುಟ್ಟಿತ್ತು.

"ನೀರು ನನ್ನ ಕೈಲೆ ನಾನೇ ಬಿಡಾಂಗ ಆಗೋತನ ಆ ತೊಟ್ಟ್ಯಾಗ ಕಾಲಿಡಾಂಗಿಲ್ಲ" ಎಂದರು ಅತ್ತೆ. "ಮಂದಿ ಬಂದು ನನ್ನ ಎತ್ತೋ ಕಾಲ ಇನ್ನೂ ಬಂದಿಲ್ಲ." ಇಷ್ಟು ಹೇಳಿ ಒಳಗೆ ಹೋಗಿ ಅತ್ತರು. ಮಾವ ಬಾಗಿಲ ಸಂದಿಯಲ್ಲಿ ಅದನ್ನು ನೋಡಿದರು. ಅಂಗಡಿಯವರ ಗ್ರಹಚಾರ ಕೆಟ್ಟದ್ದು ಅಂದಿನಿಂದ!

ಆ ತೊಟ್ಟಿಗೆ ಹಿಂದೆ ಇದಕ್ಕೆಂದೇ ಒಂದು ಏರ್ಪಾಡಿತ್ತು. ಅಂಚಿನಲ್ಲಿ ಕೈಗೆ ಸಿಗುವ ಹಾಗೆ ಒಂದು ಹಿಡಿಕೆ. ಅದನ್ನು ಒತ್ತಿದರೆ ಪಕ್ಕದ ಕೊಳವೆಯೊಳಗಿನ ಸರಳು ತೂತು ಮುಚ್ಚುವ ಹಿತ್ತಾಳೆಯ ಬಿರಡೆಯನ್ನು ಮೇಲೆತ್ತುತ್ತದೆ, ನೀರು ಹರಿದುಹೋಗುತ್ತದೆ. ಈಗ ಹಿಡಿಕೆ ಮಾಯ, ಸರಳು ತುಕ್ಕು, ಬಿರಡೆಯ ಸುತ್ತಲಿನ ಚರ್ಮದ ವಾಷರ್ ಇಲಿಗಳ ಪಾಲು. ಉಳಿದದ್ದು ಮುಷ್ಟಿಗಾತ್ರದ ಬಿರಡೆಯೊಂದೇ. ಅದನ್ನು ಹಿಡಿದುಕೊಂಡು ಮಾವ ಹೊರಟರು. ಜೊತೆಗೆ ಸ್ಕೂಟರ್ ಓಡಿಸುವ ಪಾಪಿ ನಾನು.

ಬಳ್ಳಾರಿಯ ದೊಡ್ಡ ಅಂಗಡಿಯೊಂದರ ಸೇಲ್ಸ್‌ಮನ್ ಬಿರಡೆಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, "ಪಾತ ಸಾಮಾನು ದೊರಕದು ಸಾರ್" ಎಂದ; ಹಳೆ ಸಾಮಾನು ಸಿಗದೆಂದು ತೆಲುಗಿನಲ್ಲೇ ತೀರ್ಪು ಕೊಟ್ಟ. ಆಮೇಲೆ ಕನ್ನಡಕ್ಕೆ ಇಳಿದು, "ಬಾತ್‌ರೂಮೇ ಕಂಪ್ಲೀಟ್ ಚೇಂಜ್ ಮಾಡಿಬಿಡ್ರಿ. ನೀರಿನಾಗ ಬಣ್ಣಬಣ್ಣದ ಲೈಟ್ ಬರೋದು ಬಂದೈತಿ" ಎಂದ.

"ಹಲ್ಲು ಬಿದ್ದರ ನಿಮ್ಮ ಮನ್ಯಾಗ ತಲೀನೇ ಬದಲಾಯಿಸ್ತೀರೇನ್ರಿ?" ಮಾವ ಕೇಳಿದರು.

ನಾನು ಬುದ್ಧಿವಂತನೆಂದು ಮೊಬೈಲಿನಲ್ಲಿ ಹುಡುಕಿ ಹೊಸ ಬಿರಡೆಯೊಂದನ್ನು ತರಿಸಿದೆ. ಚಿತ್ರದಲ್ಲಿ ತಾಂಬಾಳೆಯಷ್ಟು ಕಂಡದ್ದು, ಪೆಟ್ಟಿಗೆ ಒಡೆದರೆ ಅಂಗಿಯ ಗುಂಡಿಯಷ್ಟು! ಮೀನು ಸಾಕುವ ಗಾಜಿನ ತೊಟ್ಟಿಯದಂತೆ. ಮಾವ ಅದನ್ನು ಅಂಗೈಯಲ್ಲಿಟ್ಟು ಬಹಳ ಹೊತ್ತು ನೋಡಿದರು. "ಇಡಲೇ, ಮೀನಿಗಿ ಮಂಡಿನೋವು ಬಂದಾಗ ಬೇಕಾಗ್ತೈತಿ" ಎಂದರು.

ಯಾರೋ ಸಿರುಗುಪ್ಪಕ್ಕೆ ಹೋಗಿ ಎಂದರು. ಅಲ್ಲಿ ಅಕ್ಕಿ ಗಿರಣಿಗಳು ಬಹಳ, ಬಿಡಿಭಾಗದ ಅಂಗಡಿಗಳೂ ಬಹಳ. ಒಬ್ಬ ಅಂಗಡಿಯವನು ಬಿರಡೆಯನ್ನು ತಿರುಗಿಸಿ ತಿರುಗಿಸಿ, "ಯಾವ ಮಿಲ್ಲಿಂದ್ರಿ ಇದು?" ಎಂದ.

"ಮಿಲ್ಲಿಂದಲ್ಲಪ್ಪ. ಸ್ನಾನ ಮಾಡಾಕ."

"ಸ್ನಾನಕ್ಕ ತಂಬಗಿ ಸಾಲದೇನ್ರಿ? ಮಷೀನ್ ಬೇಕಾ?"

ಮಾವನ ಕಣ್ಣು ಬೀದಿಯಲ್ಲಿ ಹೋಗುತ್ತಿದ್ದ, ಹತ್ತಿರದ ರಾರಾವಿ ಹಳ್ಳಿಯ ರೈತನೊಬ್ಬನ ಬೆನ್ನಿಗೆ ನೆಟ್ಟಿತ್ತು. ಬೆನ್ನಮೇಲೆ ಭತ್ತಕ್ಕೆ ಔಷಧಿ ಹೊಡೆಯುವ ಪಂಪು, ಅದರ ಪಕ್ಕದಲ್ಲಿ ಮೇಲೆ ಕೆಳಗೆ ಆಡುವ ಹಿಡಿಕೆ, ಹಿಡಿಕೆಗೆ ಸರಳು! ಮಾವ ಓಡಿಹೋಗಿ ಹಿಂದಿನಿಂದಲೇ ಆ ಹಿಡಿಕೆ ಹಿಡಿದು ಆಡಿಸತೊಡಗಿದರು. ರೈತ ಗಾಬರಿಯಾಗಿ ತಿರುಗಿದ.

"ನಿಮ್ಮ ಹೊಲ ಎಲ್ಲೈತ್ರಿ ಯಜಮಾನ್ರ? ಏನು ಬೆಳಿ?"

"ಹೊಲ ಇಲ್ಲಪ್ಪ, ಮನ್ಯಾಗ ಹೆಂಡ್ತಿ ಅದಾಳ" ಎಂದರು ಮಾವ.

ರೈತ ಎರಡು ಹೆಜ್ಜೆ ಹಿಂದೆ ಸರಿದ. ಔಷಧಿ ಹೊಡೆಯುವ ಪಂಪನ್ನು ಹೆಂಡತಿಯ ಹೆಸರಿನಲ್ಲಿ ಕೇಳುವವರನ್ನು ಕಂಡರೆ ಯಾರೇ ಆದರೂ ಸರಿಯುತ್ತಾರೆ! ಅಂತೂ ನಾನು ಅವನಿಗೆ ವಿಷಯ ತಿಳಿಸಿ ಸಮಾಧಾನ ಹೇಳಿದೆ. ಅಂಗಡಿಯಲ್ಲಿ ಅದೇ ಥರದ ಹೊಸ ಹಿಡಿಕೆ, ಸರಳು ಸಿಕ್ಕವು. ಚರ್ಮದ ವಾಷರಿಗೆ ಮಾತ್ರ ಕುರುಗೋಡಿಗೆ ಹೋಗಬೇಕೆಂದರು; ಅಲ್ಲಿ ಬೋರಿನ ಕೈಪಂಪಿಗೆ ಹಾಕುವಂಥದ್ದು ಇನ್ನೂ ಇಟ್ಟಿದ್ದಾರಂತೆ.

ದೂರದ ದಾರಿಗೆ ಸ್ಕೂಟರ್ ಬೇಡವೆಂದು ಹತ್ತಿದ ಕುರುಗೋಡಿನ ಬಸ್ಸಿನಲ್ಲಿ ನಡೆದದ್ದನ್ನು ನೆನೆದರೆ ಈಗಲೂ ನನಗೆ ಬೆವರುತ್ತದೆ. ಬಿರಡೆ ಎಲ್ಲಾದರೂ ಬಿದ್ದುಹೋದೀತೆಂದು ಮಾವ ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ದಾರ ಕಟ್ಟಿ, ಕೊರಳಿಗೆ ಹಾಕಿಕೊಂಡಿದ್ದರು. ಪಕ್ಕದಲ್ಲೇ ಅವರ ಇಷ್ಟಲಿಂಗದ ಕರಡಿಗೆ. ಅಜ್ಜಿಯೊಬ್ಬಳು ನೋಡಿದಳು. ಎದ್ದು ಸೀಟು ಬಿಟ್ಟುಕೊಟ್ಟಳು. "ಶರಣ್ರಿ ಅಪ್ಪಾರ" ಎಂದು ಕೈಮುಗಿದಳು.

"ಎಲ್ಲಾರಿಗೂ ಒಂದೈತಿ, ನಿಮಗ ಎರಡು ಕರಡಿಗಿ ಯಾಕ್ರಿ?"

ಮಾವನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. "ಒಂದು ನಂದವ್ವ, ಇನ್ನೊಂದು ನಮ್ಮ ಮನ್ಯಾಕಿದು. ಇದು ಸರಿಯಾಗೋತನ ಆಕಿ ಸ್ನಾನಕ್ಕ ಇಳಿಯಾಂಗಿಲ್ಲ ಅಂತ ಕುಂತಾಳ."

"ಅಯ್ಯ ಶಿವನ! ಸ್ನಾನಾನೂ ಮಾಡಾಂಗಿಲ್ಲೇನ್ರಿ? ಎಂಥ ನಿಷ್ಠಿ ತಾಯಿ!" ಅಜ್ಜಿ ಬಟ್ಟೆಯ ಗಂಟನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಹಿಂದಿನ ಸೀಟಿನವರೂ ಕೈ ಚಾಚಿದರು. ನಾನು ಕಿಟಕಿಯ ಹೊರಗೆ ತಲೆ ಹಾಕಿ, ಕುರುಗೋಡು ಬರುವವರೆಗೆ ಒಳಗೆ ತೆಗೆಯಲಿಲ್ಲ.

ವಾಷರ್ ಸಿಕ್ಕಿತು. ಮನೆಗೆ ಬಂದ ಮಾವ ಊಟ ಮರೆತು, ಅಡಿಗೆ ಎಣ್ಣೆಯಲ್ಲಿ ಚರ್ಮ ನೆನೆಸಿ, ಸರಳು ಕೊಯ್ದು, ಬೆರಳು ಕೊಯ್ದುಕೊಂಡು, ಎಲ್ಲವನ್ನೂ ಜೋಡಿಸಿದರು. ದೊರೆಗಳ ತೊಟ್ಟಿಯ ಅಂಚಿನಲ್ಲಿ ಹಸಿರು ಬಣ್ಣದ ಪಂಪಿನ ಹಿಡಿಕೆ ನೆಟ್ಟಗೆ ನಿಂತಿತು. ನೋಡಲು ಎಷ್ಟು ಅಸಹ್ಯವಾಗಿತ್ತೆಂದರೆ, ನಾನು ಚೆನ್ನಾಗಿದೆ ಎಂದೆ.

ನೀರು ತುಂಬಿಸಿದೆವು. ಅತ್ತೆ ಒಬ್ಬರೇ ಒಳಗೆ ಹೋಗಿ ಚಿಲಕ ಹಾಕಿಕೊಂಡರು. ಮಾವ ಬಾಗಿಲ ಬಳಿ ನಿಲ್ಲಲಿಲ್ಲ. ಹಿತ್ತಲಿಗೆ ಹೋಗಿ, ತೊಟ್ಟಿಯ ನೀರು ಹೊರಬರುವ ಕೊಳವೆಯ ಬಾಯಿಯೆದುರು ಕುಕ್ಕರುಗಾಲಿನಲ್ಲಿ ಕುಳಿತರು. ನಾನು ಏನೋ ತಮಾಷೆ ಮಾಡಿದೆ, ಅವರಿಗೆ ಕೇಳಿಸಲಿಲ್ಲ. ರೆಪ್ಪೆ ಬಡಿಯದೆ ಕೊಳವೆಯನ್ನೇ ನೋಡುತ್ತಿದ್ದರು. ಹೊತ್ತು ಹೋಯಿತು. ನಾನೂ ಅವರ ಪಕ್ಕದಲ್ಲಿ ಕುಳಿತೆ.

ಒಮ್ಮೆಲೇ ಕೊಳವೆ ಗುಳುಗುಳು ಎಂದಿತು. ಬೆಚ್ಚಗಿನ ನೀರು ಧುಮುಕಿ ಮಾವನ ಪಾದಗಳ ಮೇಲೆ ಹರಿಯಿತು. ಅವರು ಕಾಲು ತೆಗೆಯಲಿಲ್ಲ. "ಬಿಟ್ಟಳು ನೋಡಲೇ" ಎಂದರು ಮೆಲ್ಲಗೆ. "ಆಕೀನೇ ಬಿಟ್ಟಳು."

ಸ್ವಲ್ಪ ಹೊತ್ತಿಗೆ ಬಚ್ಚಲ ಕಿಟಕಿಯಿಂದ ಅತ್ತೆಯ ದನಿ ಬಂತು. "ಏನ್ರೀ, ಇನ್ನೊಂದ್ಸಲ ನೀರು ತುಂಬಸ್ತೀರೇನು?"

"ಈಗರ ಬಿಟ್ಟೆಲ್ಲ, ಮತ್ತ್ಯಾಕ?"

"ಇನ್ನೊಂದ್ಸಲ ಬಿಡಬೇಕು."

ಒಳಗೆ ಅತ್ತೆ ನಗುತ್ತಿದ್ದರು. ಅವರ ಆ ನಗು ಕೇಳಿ ಎಷ್ಟು ದಿನವಾಗಿತ್ತು! ಮಾವ ಕಣ್ಣೊರೆಸಿಕೊಂಡು ಎದ್ದು, ಒದ್ದೆ ಕಾಲಿನಲ್ಲೇ ಹೋಗಿ ಒಲೆಯ ಮೇಲೆ ಮತ್ತೆ ನೀರಿಟ್ಟರು. ನಾನೂ ಕೊಡ ಎತ್ತಿಕೊಂಡು ಅವರ ಹಿಂದೆ ಹೋದೆ.